ಅಪ್‌ಡೇಟ್: ಪೋರ್ಫೈರಿಯಾ ಇರುವ ಅಕ್ಕನ ಆಪರೇಷನ್ ಮುಗೀತು

ಅಕ್ಯೂಟ್ ಇಂಟರ್‌ಮಿಟೆಂಟ್ ಪೋರ್ಫೈರಿಯಾ (ಕೆಲವು ಔಷಧಿಗಳಿಂದಲೇ ಜೋರು ಹೊಟ್ಟೆನೋವಿನಂಥ ಅಟ್ಯಾಕ್ ಬರಬಹುದಾದ ಅಪರೂಪದ ಕಾಯಿಲೆ) ಇರೋ ಅಕ್ಕನಿಗೆ ಪಿತ್ತಕೋಶದ ಆಪರೇಷನ್ ಇದೆ, ಯಾವ ಔಷಧಿ ಕೊಡಬಹುದು, ಯಾವುದು ಕೂಡದು ಅಂತ ಕೇಳಿದ್ದೆನಲ್ಲ, ಎಲ್ಲ ಸುಸೂತ್ರವಾಗಿ ಆಯ್ತು. ಮನೆಗೂ ಬಂದಿದ್ದಾಳೆ.

ಕೆಲಸಕ್ಕೆ ಬಂದಿದ್ದು 'ನ್ಯಾಪೋಸ್ ಡೇಟಾಬೇಸ್ ನೋಡಿ' ಅಂದವರ ಸಲಹೆ. ಈ ಕಾಯಿಲೆಯವರಿಗೆ ಯಾವ ಔಷಧಿ ಸುರಕ್ಷಿತ, ಯಾವುದು ಅಲ್ಲ ಅಂತ ಹೇಳೋ ಆನ್‌ಲೈನ್ ಪಟ್ಟಿ ಅದು. ಹುಡುಕುವಾಗ ಬ್ರ್ಯಾಂಡ್ ಹೆಸರು ನಂಬಬೇಡಿ, ಜೆನೆರಿಕ್ ಹೆಸರೇ ಹಾಕಿ. ಪ್ರಿಂಟ್ ತೆಗೆದು ಅರಿವಳಿಕೆ ಡಾಕ್ಟರ ಕೈಗೇ ಕೊಟ್ವಿ. ಅವರು ಪೆನ್ ಹಿಡಿದು ಒಂದೊಂದೇ ಸಾಲು ನೋಡಿ, ಈ ಕಾಯಿಲೆಗೆ ಕೂಡದ ಅರಿವಳಿಕೆ ಔಷಧಿ ಥಿಯೋಪೆಂಟಾಲ್‌ಗೆ ದಪ್ಪಗೆ ಗೆರೆ ಎಳೆದು ಪಕ್ಕದಲ್ಲಿ ಪ್ರೊಪೊಫಾಲ್ ಅಂತ ಬರೆದುಕೊಂಡರು. ನೋವಿಗೆ ಪ್ಯಾರಾಸಿಟಮಾಲ್, ಮಾರ್ಫಿನ್.

ಔಷಧಿ ಚೆಕ್ ಮಾಡೋ ಆ್ಯಪ್ ಮಾತ್ರ ದಂಡ. ನಾವು ಹಾಕಿಕೊಂಡಿದ್ದು ಎರಡು ಔಷಧಿಗಳ ನಡುವಿನ ಜಗಳ ಹೇಳುತ್ತೆ ಅಷ್ಟೇ, ಈ ಕಾಯಿಲೆ ಅದರ ಲೆಕ್ಕಕ್ಕೇ ಇಲ್ಲ.

ನನಗೆ ಆಶ್ಚರ್ಯ ಆಗಿದ್ದು ಉಪವಾಸದ ವಿಷಯ. ಹೊಟ್ಟೆ ತುಂಬಾ ಹೊತ್ತು ಖಾಲಿ ಇದ್ದರೂ ಲಿವರ್‌ನಲ್ಲಿ ಆಲಾಸ್-1 ಅನ್ನೋ ಕಿಣ್ವ (ಅಟ್ಯಾಕ್ ತರೋ ವಸ್ತುಗಳನ್ನು ಹೆಚ್ಚಿಸೋದು) ಏರಿ ಅಟ್ಯಾಕ್ ಬರಬಹುದಂತೆ! ಅದಕ್ಕೇ ಬೆಳಗ್ಗೆ ಮೊದಲ ಕೇಸಾಗಿ ತಗೊಂಡರು, ಗ್ಲೂಕೋಸ್ ಡ್ರಿಪ್ ಮುಂಚೆಯೇ ಹಾಕಿದ್ದರು.

ಡಿಸ್ಚಾರ್ಜ್ ಚೀಟಿಯನ್ನೂ ಡೇಟಾಬೇಸಲ್ಲಿ ನೋಡಿಯೇ ಔಷಧಿ ತಗೊಂಡ್ವಿ. ಅದರಲ್ಲಿ ಅಮಾಕ್ಸಿಸಿಲಿನ್ ಇತ್ತು, ತೊಂದರೆ ಇಲ್ಲ. ಈ ಕಾಯಿಲೆಗೆ ಕೂಡದ ಆ್ಯಂಟಿಬಯೋಟಿಕ್ ಕೋ-ಟ್ರೈಮಾಕ್ಸಜೋಲ್ ಬರೆದಿದ್ದರೆ ಅಲ್ಲೇ ಬದಲಾಯಿಸಿಕೊಂಡು ಬರ್ತಿದ್ವಿ.