ತುರ್ತು: ಪಾಟ್‌ಶರ್ಡ್‌ಗೆ ಕನ್ನಡ ಪದ ಬೇಕು

ಎಲ್ಲರಿಗೂ ನಮಸ್ಕಾರ,

ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ, ಬಳ್ಳಾರಿ ಜಿಲ್ಲೆಯ ತೆಕ್ಕಲಕೋಟೆಯ ಹಳೆಯ ನೆಲೆಗಳ ಬಗ್ಗೆ ಶಾಲಾ ಮಕ್ಕಳಿಗೆ ಫಲಕ ಬರೆಯುತ್ತಿದ್ದೇನೆ. ನಾಳೆ ಸಂಜೆ ಅಚ್ಚಿಗೆ ಕೊಡಬೇಕು. ಕರಡಿನಲ್ಲಿ ಪಾಟ್‌ಶರ್ಡ್‌ಗೆ, ಅಂದರೆ ಒಡೆದ ಮಡಕೆಯ ಚೂರಿಗೆ, 'ಮೃತ್ಪಾತ್ರಾವಶೇಷ' ಎಂದಿದೆ. ಐದನೇ ಕ್ಲಾಸಿನ ಮಗುವಿಗೆ ಇದು ನಾಲಿಗೆ ಹೊರಳುವುದಿಲ್ಲ. 'ಬ್ಲ್ಯಾಕ್ ಅಂಡ್ ರೆಡ್ ವೇರ್'ಗೆ 'ಕಪ್ಪು ಮತ್ತು ಕೆಂಪು ಮೃದ್ಭಾಂಡ' ಎಂದಿದೆ. ಕಪ್ಪು ಮಡಕೆ ಬೇರೆ, ಕೆಂಪು ಮಡಕೆ ಬೇರೆ ಅನ್ನಿಸುತ್ತದೆ ಅಲ್ವಾ? ಎಳೆಮಕ್ಕಳನ್ನು ಹೂಳುತ್ತಿದ್ದ ಗಡಿಗೆಗೂ ಒಂದು ಪದ ಹೇಳಿ.

*

ಬೋಕಿ. ಇದರಲ್ಲಿ ಚರ್ಚೆಗೆ ಏನೂ ಇಲ್ಲ.

ಹೂಳುವ ಗಡಿಗೆಗೆ 'ಹೂಳುಗಡಿಗೆ' ಸಾಕು. 'ಶವಕುಂಭ' ಬೇಡ. ಮೃತ್, ಭಾಂಡ, ಕುಂಭ ಎಲ್ಲ ತೆಗೆಯಿರಿ.

*

> ಬೋಕಿ. ಇದರಲ್ಲಿ ಚರ್ಚೆಗೆ ಏನೂ ಇಲ್ಲ.

ಇದೆ. ಬೋಕಿ ಎಲ್ಲ ಸೀಮೆಗಳಲ್ಲೂ ಬಳಕೆಯಲ್ಲಿಲ್ಲ. 'ಓಡು' ಹಳೆಯ ಪದ, ತಮಿಳು, ಮಲಯಾಳದಲ್ಲೂ ಇದೆ. ಕೆಡು–ಕೇಡು, ಪಡು–ಪಾಡು ಇದ್ದ ಹಾಗೆ ಒಡೆ–ಓಡು. ಒಡೆದದ್ದು ಓಡು. ಅರ್ಥ ಪದದೊಳಗೇ ಇದೆ.

ಇನ್ನು, ಕುಂಭ ಬೇಡ ಅನ್ನುವವರು ಕುಂಬಾರನನ್ನು ಏನಂತ ಕರೆಯುತ್ತಾರೆ? ಅದು ಕುಂಭಕಾರದಿಂದಲೇ ಬಂದದ್ದು.

*

ಕೆಡು, ಪಡು ಉಕಾರಾಂತ ಧಾತುಗಳು. ಒಡೆ ಎಕಾರಾಂತ. ಆ ಜೋಡಿ ಇಲ್ಲಿ ಕೂಡುವುದಿಲ್ಲ. ಫಲಕದಲ್ಲಿ 'ಓಡು' ಎಂದು ಬರೆದರೆ ಮಕ್ಕಳು ಅದನ್ನು ಕ್ರಿಯಾಪದ ಅಂತಲೇ ಓದುತ್ತಾರೆ. ಕರಾವಳಿಯ ಮಗುವಿಗೆ ಮಾಡಿನ ಹಂಚು ನೆನಪಾಗುತ್ತದೆ.

ಕುಂಬಾರ ನಮ್ಮ ಬಾಯಿಗೆ ಬಗ್ಗಿದ ಪದ. ಮೃದ್ಭಾಂಡ ಬಗ್ಗಿಲ್ಲ. ಎರವಲಿಗೆ ನನ್ನ ತಕರಾರಿಲ್ಲ. ಯಾರೂ ಆಡದ ಮಾತನ್ನು ಫಲಕದಲ್ಲಿ ಕೆತ್ತುವುದಕ್ಕೆ ತಕರಾರು.

*

ವ್ಯಾಕರಣ ಸ್ವಲ್ಪ ಬದಿಗಿಡಿ. ಕೇಳಿದವರಿಗೆ ನಾಳೆ ಸಂಜೆಯೊಳಗೆ ಬೇಕು. ಕಪ್ಪು–ಕೆಂಪಿನ ಪ್ರಶ್ನೆಯನ್ನು ಯಾರೂ ಮುಟ್ಟಲೇ ಇಲ್ಲ.

ಅದು ಒಂದೇ ಮಡಕೆ. ಒಳಗೂ ಬಾಯಂಚಿನಲ್ಲೂ ಕಪ್ಪು, ಹೊರಮೈ ಕೆಳಗೆ ಕೆಂಪು. ಆವಿಗೆಯಲ್ಲಿ (ಮಡಕೆ ಸುಡುವ ಗೂಡಿನಲ್ಲಿ) ಬೋರಲು ಹಾಕಿ ಸುಟ್ಟರೆ ಒಳಗೆ ಗಾಳಿ ಆಡುವುದಿಲ್ಲ, ಹೊಗೆಯ ಮಸಿ ಹಿಡಿದು ಕಪ್ಪಾಗುತ್ತದೆ. ಗಾಳಿ ಸಿಕ್ಕ ಹೊರಮೈ ಕೆಂಪಗೆ ಬೇಯುತ್ತದೆ. ಬೇರೆ ಬಗೆಯಲ್ಲೂ ಈ ಬಣ್ಣ ಬರಿಸಬಹುದು ಅನ್ನುವವರಿದ್ದಾರೆ, ಆದರೆ ಫಲಕಕ್ಕೆ ಇಷ್ಟು ಸಾಕು. ಹಾಗಾಗಿ 'ಒಳಗಪ್ಪಿನ ಕೆಂಪು ಮಡಕೆ' ಅನ್ನಿ. ಒಂದೇ ಮಡಕೆ ಅನ್ನುವುದು ಹೆಸರಿನಲ್ಲೇ ಗೊತ್ತಾಗುತ್ತದೆ.

ಬೋಕಿಗೇ ನನ್ನ ಓಟು. ಒಡೆದ ಮಡಕೆಯ ಚೂರನ್ನು ಅಂಚು ಉಜ್ಜಿ ದುಂಡಗೆ ಮಾಡಿದ ಬಿಲ್ಲೆಗಳು ಹಳೆಯ ನೆಲೆಗಳಲ್ಲಿ ಸಿಗುತ್ತವೆ. ನಮ್ಮ ಕಡೆ ಮಕ್ಕಳು ಕುಂಟೆಬಿಲ್ಲೆಗೆ ಬಳಸುತ್ತಿದ್ದದ್ದೂ ಬೋಕಿಬಿಲ್ಲೆಯೇ. ಆಗಿನವರು ಅದರಿಂದ ಆಟವನ್ನೇ ಆಡಿದರು ಅಂತ ಮಾತ್ರ ಬರೆಯಬೇಡಿ. 1947ರಲ್ಲಿ ಪುರಾತತ್ವಜ್ಞ ವ್ಹೀಲರ್ ಬ್ರಹ್ಮಗಿರಿಯಲ್ಲಿ ಅಗೆದು ಒಂದರ ಮೇಲೊಂದು ಮೂರು ಕಾಲದ ಪದರಗಳನ್ನು ಬೇರೆ ಮಾಡಿದ್ದು ಹೆಚ್ಚಾಗಿ ಬೋಕಿಗಳನ್ನು ನೋಡಿಯೇ. 'ಅವಶೇಷ' ಅಂದರೆ ಸುಮ್ನೆ ಉಳಿದ ಕಸದ ಹಾಗೆ ಕೇಳಿಸುತ್ತದೆ.

'ಹೂಳುಗಡಿಗೆ' ಚೆನ್ನಾಗಿದೆ. ಹೊಸ ಶಿಲಾಯುಗದವರು ಎಳೆಮಕ್ಕಳನ್ನು ಗಡಿಗೆಯಲ್ಲಿಟ್ಟು ವಾಸದ ಜಾಗದಲ್ಲೇ ಹೂಳುತ್ತಿದ್ದರು, ಊರಾಚೆ ಒಯ್ಯುತ್ತಿರಲಿಲ್ಲ. ಈ ಒಂದು ಸಾಲು ಫಲಕದಲ್ಲಿ ಇರಲೇಬೇಕು.

*

ಧನ್ಯವಾದ. ಬೋಕಿ, ಒಳಗಪ್ಪಿನ ಕೆಂಪು ಮಡಕೆ, ಹೂಳುಗಡಿಗೆ ಮೂರನ್ನೂ ಹಾಕಿದ್ದೇನೆ. ಮೊದಲ ಫಲಕದ ಚಿತ್ರದಲ್ಲಿ ಹೊಸ ಶಿಲಾಯುಗದ ಕುಂಬಾರ ತಿಗುರಿ ತಿರುಗಿಸುತ್ತಿದ್ದಾನೆ. ತಿಗುರಿ ಅನ್ನಲೋ, ಚಕ್ರ ಅನ್ನಲೋ?

*

ತಿಗುರಿಯೇ ಸರಿಯಾದ ಪದ. ಆದರೆ ಚಿತ್ರ ತಪ್ಪು. ಬ್ರಹ್ಮಗಿರಿಯ ಕಲ್ಲುಕೊಡಲಿ ಕಾಲದ, ಅಂದರೆ ಹೊಸ ಶಿಲಾಯುಗದ, ಬೂದು ಮಡಕೆಗಳು ಬಹುಪಾಲು ಕೈಯಲ್ಲೇ ತಟ್ಟಿ ಮಾಡಿದವು. ತಿಗುರಿಯ ಬಳಕೆ ಹೆಚ್ಚಿದ್ದು ಆಮೇಲೆ, ಕಲ್ಗೋರಿಗಳ (ದೊಡ್ಡ ಕಲ್ಲುಗಳಿಂದ ಕಟ್ಟಿದ ಗೋರಿಗಳ) ಕಾಲದಲ್ಲಿ. ಆ ಚಿತ್ರವನ್ನು ಎರಡನೇ ಫಲಕಕ್ಕೆ ಹಾಕಿ.