ಬೆನ್ನು ಹತ್ತಿ ಹೋದವನಿಗೆ ಆತ್ಮರಕ್ಷಣೆಯ ಹಕ್ಕು ಉಳಿಯುತ್ತದೆಯೇ?

ಪ್ರಶ್ನೆ: ವಕೀಲರಿಗೆ ನಮಸ್ಕಾರ. ಫ್ಲೋರಿಡಾದಲ್ಲಿರುವ ನನ್ನ ಅಣ್ಣನ ಮಗ ರಜೆಗೆ ಊರಿಗೆ ಬಂದಿದ್ದಾಗ, ಅಲ್ಲಿನ ಸ್ಯಾನ್‌ಫರ್ಡ್‌ನಲ್ಲಿ 2012ರ ಫೆಬ್ರವರಿ 26ರಂದು ಜಾರ್ಜ್ ಜಿಮ್ಮರ್‌ಮನ್ ಎಂಬಾತ 17 ವರ್ಷದ ಟ್ರೇವಾನ್ ಮಾರ್ಟಿನ್‌ನನ್ನು ಗುಂಡಿಕ್ಕಿ ಕೊಂದ ಪ್ರಕರಣದ ಮಾತು ಬಂತು. ತಾನಾಗಿಯೇ ಹುಡುಗನ ಬೆನ್ನು ಹತ್ತಿ ಹೋದವನು ಆತ್ಮರಕ್ಷಣೆ ಎನ್ನುವುದು ಹೇಗೆ ಎಂಬುದು ನನ್ನ ವಾದ. ನೆಲಕ್ಕೆ ಬಿದ್ದು ಹೊಡೆತ ತಿನ್ನುತ್ತಿದ್ದವನು ಸುಮ್ಮನೆ ಸಾಯಬೇಕಿತ್ತೇ ಎಂಬುದು ಅವನ ವಾದ. ನ್ಯಾಯಾಲಯ ಅವನನ್ನು ಬಿಟ್ಟದ್ದು ಯಾವ ಆಧಾರದ ಮೇಲೆ? ನಮ್ಮ ದೇಶದಲ್ಲಾಗಿದ್ದರೆ ಏನಾಗುತ್ತಿತ್ತು?

ಉತ್ತರ: ನೀವಿಬ್ಬರೂ ಒಂದೇ ರಾತ್ರಿಯ ಎರಡು ಬೇರೆ ಗಳಿಗೆಗಳನ್ನು ಹಿಡಿದು ವಾದಿಸುತ್ತಿದ್ದೀರಿ. ಜಿಮ್ಮರ್‌ಮನ್ ತನ್ನ ಬಡಾವಣೆಯ ಕಾವಲು ಸಮಿತಿಯ ಸಂಯೋಜಕನಾಗಿದ್ದ. ಅಂಗಡಿಯಿಂದ ಮಿಠಾಯಿ ಮತ್ತು ತಂಪು ಪಾನೀಯ ಕೊಂಡು ಮಳೆಯಲ್ಲಿ ನಡೆದು ಬರುತ್ತಿದ್ದ, ಕೈಯಲ್ಲಿ ಯಾವ ಆಯುಧವೂ ಇಲ್ಲದ ಹುಡುಗನ ಮೇಲೆ ಅನುಮಾನಪಟ್ಟು ಕಾರಿನಲ್ಲಿದ್ದ ಆತ ಪೊಲೀಸರಿಗೆ ಕರೆ ಮಾಡಿದ, ಮಾತನಾಡುತ್ತಲೇ ಇಳಿದು ಹುಡುಗನ ಬೆನ್ನು ಹತ್ತಿದ. ಹಿಂಬಾಲಿಸುತ್ತಿದ್ದೀರಾ ಎಂದು ಕೇಳಿದ ಸಿಬ್ಬಂದಿ, ಹಾಗೆ ಮಾಡುವ ಅಗತ್ಯವಿಲ್ಲ ಎಂದೂ ಹೇಳಿದರು. ಆದರೆ ಅದು ಆದೇಶವಾಗಿರಲಿಲ್ಲ ಎಂದು ಅದೇ ಸಿಬ್ಬಂದಿ ವಿಚಾರಣೆಯಲ್ಲಿ ಸಾಕ್ಷ್ಯ ನುಡಿದರು. ಮುಂದಿನ ಕೆಲವೇ ನಿಮಿಷಗಳಲ್ಲಿ ಹೊಡೆದಾಟ ನಡೆದು, ಒಂದೇ ಗುಂಡು ಹುಡುಗನ ಎದೆ ಹೊಕ್ಕಿತು.

ಹೊಡೆದಾಟವನ್ನು ಯಾರು ಆರಂಭಿಸಿದರು ಎಂಬುದನ್ನು ಕಣ್ಣಾರೆ ಕಂಡು ಹೇಳುವವರಿರಲಿಲ್ಲ. ಜಿಮ್ಮರ್‌ಮನ್‌ನ ಮೂಗಿಗೂ ತಲೆಯ ಹಿಂಭಾಗಕ್ಕೂ ಗಾಯಗಳಾಗಿದ್ದವು. ಗುಂಡು ಹಾರಿದಾಗ ಹುಡುಗ ಮೇಲಿದ್ದ ಎಂಬುದಕ್ಕೆ ವೈದ್ಯಕೀಯ ಸಾಕ್ಷ್ಯ ಹೊಂದುತ್ತಿತ್ತು. ಅಲ್ಲಿನ ಕಾನೂನಿನಂತೆ, ಆರೋಪಿ ಆತ್ಮರಕ್ಷಣೆಗೆ ಒಂದಿಷ್ಟು ಆಧಾರ ತೋರಿಸಿದ ಮೇಲೆ, ಅದು ಆತ್ಮರಕ್ಷಣೆಯಲ್ಲವೆಂದು ಸಂಶಯಾತೀತವಾಗಿ ಸಾಬೀತುಪಡಿಸುವ ಹೊಣೆ ಪ್ರಾಸಿಕ್ಯೂಷನ್‌ನದು. ಯಾರನ್ನಾದರೂ ಹಿಂಬಾಲಿಸಿ ನಡೆಯುವುದು ತನ್ನಷ್ಟಕ್ಕೆ ಅಪರಾಧವಲ್ಲ. ಹೀಗಾಗಿ ಕಾರಿನಿಂದ ಇಳಿದ ಗಳಿಗೆ ತೂಕಕ್ಕೇ ಬರದೆ, ಗುಂಡು ಹಾರಿಸಿದ ಗಳಿಗೆ ಮಾತ್ರ ತೂಗಲ್ಪಟ್ಟಿತು. ಆರು ಮಹಿಳೆಯರಿದ್ದ ಜ್ಯೂರಿ, ಅಂದರೆ ತಪ್ಪಿತಸ್ಥನೇ ಅಲ್ಲವೇ ಎಂದು ನಿರ್ಧರಿಸುವ ಸಾಮಾನ್ಯ ನಾಗರಿಕರ ಮಂಡಳಿ, 2013ರ ಜುಲೈ 13ರಂದು ಆತನನ್ನು ಖುಲಾಸೆಗೊಳಿಸಿತು.

ಮತ್ತೊಬ್ಬ ಸದಸ್ಯರ ಪ್ರಶ್ನೆ: ಸರ್, ಹಿಂದೆ ಸರಿಯಬೇಕಿಲ್ಲ, ನಿಂತಲ್ಲೇ ಎದುರಿಸಬಹುದು ಎನ್ನುವ ಆ ರಾಜ್ಯದ ಕಾನೂನೇ ಅವನನ್ನು ಉಳಿಸಿತಲ್ಲವೇ?

ಉತ್ತರ: ಭಾಗಶಃ ಮಾತ್ರ. 2005ರ ಆ ಕಾನೂನಿನಡಿ ವಿಚಾರಣೆಗೆ ಮೊದಲೇ ಅದರಿಂದ ವಿನಾಯಿತಿ ಕೋರುವ ಅವಕಾಶವಿದ್ದರೂ ಆತನ ವಕೀಲರು ಅದನ್ನು ಕೈಬಿಟ್ಟರು. ಕೆಳಗೆ ಬಿದ್ದವನಿಗೆ ಓಡಲು ದಾರಿಯೇ ಇರಲಿಲ್ಲ ಎಂಬುದು ಅವರ ವಾದ. ಆದರೂ ಹಿಂದೆ ಸರಿಯುವ ಕರ್ತವ್ಯವಿಲ್ಲವೆಂಬ ಮಾತು ನ್ಯಾಯಾಧೀಶರು ಜ್ಯೂರಿಗೆ ಕೊಟ್ಟ ಸೂಚನೆಯಲ್ಲಿತ್ತು. ನನ್ನನ್ನು ಇಂದಿಗೂ ಕಾಡುವುದು ಇನ್ನೊಂದು ಸಂಗತಿ. ಕತ್ತಲಲ್ಲಿ ಅಪರಿಚಿತನೊಬ್ಬ ಬೆನ್ನು ಹತ್ತಿದಾಗ ನಿಂತು ಎದುರಿಸುವ ಅದೇ ಹಕ್ಕು ಮಾರ್ಟಿನ್‌ಗೂ ಇತ್ತು. ಆದರೆ ತನಗೆ ಏಕೆ ಭಯವಾಯಿತೆಂದು ಹೇಳಲು ಅವನು ಬದುಕಿರಲಿಲ್ಲ.

ಆ ಕಾನೂನು ಎಲ್ಲರನ್ನೂ ಬಿಡಿಸುತ್ತದೆ ಎಂದೂ ತಿಳಿಯಬೇಡಿ. ಅದೇ ರಾಜ್ಯದ ಕ್ಲಿಯರ್‌ವಾಟರ್‌ನಲ್ಲಿ 2018ರಲ್ಲಿ ಪಾರ್ಕಿಂಗ್ ಜಗಳದಲ್ಲಿ ತನ್ನನ್ನು ತಳ್ಳಿ ಬೀಳಿಸಿದವನನ್ನು ಒಬ್ಬಾತ ಗುಂಡಿಕ್ಕಿ ಕೊಂದ. ತಳ್ಳಿದವನು ಅಷ್ಟರಲ್ಲಿ ಹಿಂದೆ ಸರಿಯುತ್ತಿದ್ದುದು ಕ್ಯಾಮೆರಾದಲ್ಲಿ ದಾಖಲಾಗಿತ್ತು. ಕೊಂದವನಿಗೆ 20 ವರ್ಷ ಜೈಲಾಯಿತು. ಸ್ಯಾನ್‌ಫರ್ಡ್‌ನಲ್ಲಿ ಅಂಥ ದೃಶ್ಯ ಇರಲಿಲ್ಲ.

ಮೊದಲ ಪ್ರಶ್ನೆ ಕೇಳಿದವರು: ನಮ್ಮ ದೇಶದ ವಿಚಾರ ಉಳಿಯಿತು, ಸರ್.

ಉತ್ತರ: ಹೌದು, ಅದಕ್ಕೇ ಬರುತ್ತಿದ್ದೆ. ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ನೇ ಕಲಂಗಳು ಈ ಹಕ್ಕನ್ನು ಹೇಳುತ್ತವೆ. ಪ್ರಾಣಭಯ ಎದುರಾದಾಗ ಹೇಡಿಯಂತೆ ಓಡಬೇಕಿಲ್ಲ ಎಂದು ನಮ್ಮ ಸುಪ್ರೀಂ ಕೋರ್ಟ್ ಕೂಡ ದರ್ಶನ್ ಸಿಂಗ್ ಪ್ರಕರಣದಲ್ಲಿ 2010ರಲ್ಲಿ ಹೇಳಿದೆ. ಆ ಮಟ್ಟಿಗೆ ಫ್ಲೋರಿಡಾಕ್ಕೂ ನಮಗೂ ತೀರಾ ಅಂತರವಿಲ್ಲ. ಆದರೆ 37ನೇ ಕಲಮಿನಂತೆ, ಸರ್ಕಾರಿ ಅಧಿಕಾರಿಗಳ ಮೊರೆ ಹೋಗಲು ಸಮಯವಿದ್ದರೆ ಈ ಹಕ್ಕೇ ಇರುವುದಿಲ್ಲ, ಮತ್ತು ಅಗತ್ಯಕ್ಕಿಂತ ಹೆಚ್ಚು ಹಾನಿ ಮಾಡುವಂತಿಲ್ಲ. ಪೊಲೀಸರಿಗೆ ಕರೆ ಮಾಡಿ, ಅವರು ಹೊರಟಿದ್ದಾರೆಂದು ತಿಳಿದೂ ಇಳಿದು ಹೋದದ್ದೇಕೆ ಎಂದು ಇಲ್ಲಿನ ಸರ್ಕಾರಿ ಅಭಿಯೋಜಕರು ಖಂಡಿತ ಕೇಳುತ್ತಿದ್ದರು. ಸಾಬೀತಿನ ಹೊಣೆಯೂ ಇಲ್ಲಿ ಆರೋಪಿಯ ಮೇಲೆಯೇ ಇರುತ್ತದೆ, ಆದರೆ ತನ್ನ ಮಾತು ಹೆಚ್ಚು ಸಂಭವನೀಯವೆಂದು ತೋರಿಸಿದರೆ ಸಾಕು. ಹಕ್ಕು ಇದ್ದು, ಸದ್ಭಾವನೆಯಿಂದ ಅದರ ಮಿತಿ ಮೀರಿದ್ದರೆ, ಅದು ಕೊಲೆಯೆನಿಸದ ದಂಡನೀಯ ನರಹತ್ಯೆಯಾಗುತ್ತದೆ. ಸ್ಯಾನ್‌ಫರ್ಡ್‌ನ ಜ್ಯೂರಿಯ ಮುಂದೆಯೂ ಕೊಲೆಗಿಂತ ಕಡಿಮೆ ದರ್ಜೆಯ ಆರೋಪದ ಆಯ್ಕೆಯಿತ್ತು. ಅವರು ಅದನ್ನೂ ಒಪ್ಪಲಿಲ್ಲ.

ನನ್ನ ಸ್ವಂತ ಅಭಿಪ್ರಾಯ ಕೇಳಿದರೆ, ಇದ್ದ ಸಾಕ್ಷ್ಯದ ಮೇಲೆ ಆ ತೀರ್ಪು ಕಾನೂನಿಗೆ ಅನುಗುಣವಾಗಿತ್ತು; ಆದರೂ ಕಾರಿನಿಂದ ಇಳಿದದ್ದಕ್ಕೆ ಆತನೇ ಹೊಣೆ. ನಿಮ್ಮ ಅಣ್ಣನ ಮಗ ಅಲ್ಲಿ ಬಂದೂಕು ಇಟ್ಟುಕೊಳ್ಳುವವನಾದರೆ ಆ ರಾಜ್ಯದ ವಕೀಲರೊಬ್ಬರನ್ನು ಕಂಡು ಮಾತನಾಡಲಿ. ಏಕೆಂದರೆ 2005ರ ಆ ಕಾನೂನಿಗೆ 2017ರಲ್ಲಿ ಮತ್ತೊಮ್ಮೆ ತಿದ್ದುಪಡಿಯಾಗಿದೆ.