ಸಾಕಿದ ಚೇಳಿಗೆ ಎಂಥ ತಿನ್ನಿಸುವುದು? – ಪಶುವೈದ್ಯರ ಜೊತೆ ಪ್ರಶ್ನೋತ್ತರ

ಕದ್ರಿಯಿಂದ ಪ್ರಶ್ನೆ: ನಮಸ್ಕಾರ ಮೇಡಂ. ನನ್ನ ಹತ್ತಿರ ಒಂದು ಎಂಪರರ್ ಚೇಳು ಉಂಟು. ಬೆಂಗಳೂರಿನಲ್ಲಿದ್ದ ಚಿಕ್ಕಪ್ಪನ ಮಗ ವಿದೇಶಕ್ಕೆ ಹೋಗುವಾಗ ನನಗೆ ಕೊಟ್ಟು ಹೋದ. ಬಾಲ ಬಿಟ್ಟು ಮೈಯೇ ಮೂರು ಇಂಚು ಇರಬಹುದು. ಅವನು ಕೊಟ್ಟ ಮೀಲ್‌ವರ್ಮ್ (ಒಂದು ಜಾತಿಯ ದುಂಬಿಯ ಮರಿಹುಳ) ಡಬ್ಬ ಮುಗೀತಾ ಬಂತು. ಇಲ್ಲಿ ಅಕ್ವೇರಿಯಂ ಅಂಗಡಿಯಲ್ಲಿ ಕೇಳಿದರೆ ಒಂದು ಸಲ ಉಂಟು ಅಂತಾರೆ, ಇನ್ನೊಂದು ಸಲ ಇಲ್ಲ ಅಂತಾರೆ. ನಮ್ಮ ಅಡುಗೆಮನೆಯಲ್ಲಿ ಜಿರಳೆಗೇನೂ ಬರ ಇಲ್ಲ, ಹಿತ್ತಿಲಲ್ಲಿ ಮಿಡತೆಯೂ ಬೇಕಾದಷ್ಟು. ಅದನ್ನೇ ಹಿಡಿದು ಹಾಕಿದರೆ ಆಗ್ತದಾ? ಇಲಿಮರಿ ಹಾಕಿದರೆ ಬೇಗ ದೊಡ್ಡದಾಗ್ತದೆ ಅಂತಲೂ ಒಬ್ಬರು ಹೇಳಿದರು.

ಡಾಕ್ಟರ್: ಮನೆಯ ಜಿರಳೆ ಬೇಡವೇ ಬೇಡ. ಜಿರಳೆ ಅಂತಲ್ಲ, ಅದು ಎಂಥ ತಿಂದು ಬಂದಿದೆ ಅಂತ ನಿಮಗೆ ಗೊತ್ತಿಲ್ಲವಲ್ಲ, ಅದಕ್ಕೆ. ನೀವು ಮದ್ದು ಹೊಡೆಯದೇ ಇರಬಹುದು. ಪಕ್ಕದ ಫ್ಲ್ಯಾಟಿನವರು ಸಿಂಕಿನ ಅಡಿಗೆ ಜೆಲ್ ಇಟ್ಟಿರುತ್ತಾರೆ, ಕೆಳಗಿನ ಮನೆಯವರು ಜಿರಳೆ ಮದ್ದಿನ ಸೀಮೆಸುಣ್ಣದ ಗೆರೆ ಎಳೆದಿರುತ್ತಾರೆ. ಜೆಲ್ ತಿಂದ ಜಿರಳೆ ಆ ಕ್ಷಣಕ್ಕೆ ಸಾಯುವುದಿಲ್ಲ, ಓಡಾಡಿಕೊಂಡೇ ಇರುತ್ತದೆ. ನಿಧಾನ ಆಗಿರುವುದರಿಂದ ನಿಮ್ಮ ಕೈಗೆ ಸುಲಭವಾಗಿ ಸಿಗುವುದೂ ಅದೇ! ಈ ಮದ್ದುಗಳೆಲ್ಲ ಹುಳದ ನರಕ್ಕೆ ಹೊಡೆಯುವಂಥವು. ಚೇಳಿನ ನರವೂ ಅದೇ ಜಾತಿಯದ್ದು. ಕಾಲು ನಡುಗಿಸುತ್ತಾ ಹಿಂದೆ ಮುಂದೆ ತಿರುಗುವ ಚೇಳನ್ನು ನನ್ನ ಟೇಬಲ್ ಮೇಲೆ ತಂದಿಟ್ಟರೆ ನಾನು ಮಾಡುವುದಕ್ಕೆ ಹೆಚ್ಚೇನೂ ಇರುವುದಿಲ್ಲ.

ಹಿತ್ತಿಲ ಮಿಡತೆಗೂ ಅದೇ ಮಾತು. ಹಿತ್ತಿಲು ನಿಮ್ಮದೇ, ಸುತ್ತ ಯಾರೂ ಮದ್ದು ಬಿಡುವುದಿಲ್ಲ ಎಂದು ಖಾತ್ರಿ ಇದ್ದರೆ ಅಪರೂಪಕ್ಕೊಮ್ಮೆ ಕೊಡಬಹುದು. ತರಕಾರಿ ಸಾಲು, ಗದ್ದೆ ಬದು, ಅಡಿಕೆ ತೋಟದ್ದು ತರಬೇಡಿ. ಮಳೆಗೆ ಮೊದಲು ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆದ ತೋಟದಲ್ಲಿ ಅಡಿಯ ಹುಲ್ಲಿಗೂ ಮೈಲುತುತ್ತ ಬಿದ್ದಿರುತ್ತದೆ, ಅದೇ ಹುಲ್ಲನ್ನು ಮಿಡತೆ ಮೇಯುವುದು.

ಹಾಗಾದರೆ ಎಂಥ ಕೊಡಬೇಕು? ಡಬ್ಬದಲ್ಲಿ ಸಾಕಿದ ಹುಳ. ಕ್ರಿಕೆಟ್ ಹುಳ, ಸೂಪರ್‌ವರ್ಮ್ (ಮೀಲ್‌ವರ್ಮ್‌ನಂಥದ್ದೇ, ಗಾತ್ರ ದೊಡ್ಡದು), ಮೀಲ್‌ವರ್ಮ್, ಊಟಕ್ಕೆಂದೇ ಸಾಕುವ ಡುಬಿಯಾ ಜಿರಳೆ, ಯಾವುದಾದರೂ ಸರಿ, ಬದಲಾಯಿಸಿ ಕೊಟ್ಟರೆ ಇನ್ನೂ ಒಳ್ಳೆಯದು. ಕ್ರಿಕೆಟ್ ಎಂದರೆ ರಾತ್ರಿ ಚಿರ್ರ್ ಎನ್ನುವ ಆ ಮಿಡತೆಯಂಥ ಹುಳವೇ, ಸಾಕಿದ್ದು ಸಿಗುತ್ತದೆ. ಗಾತ್ರಕ್ಕೆ ಒಂದೇ ಲೆಕ್ಕ: ಬಾಲ ಬಿಟ್ಟು ಚೇಳಿನ ಮೈ ಎಷ್ಟು ಉದ್ದವೋ ಅದಕ್ಕಿಂತ ದೊಡ್ಡ ಹುಳ ಬೇಡ. ನಿಮ್ಮದಕ್ಕೆ ಬೆಳೆದ ಕ್ರಿಕೆಟ್ ಅಥವಾ ಸೂಪರ್‌ವರ್ಮ್ ಆಗುತ್ತದೆ. ಚೇಳಿನ ಮರಿಗಾದರೆ ಅದರ ಇಕ್ಕಳದಷ್ಟೇ ಇರುವ ಪುಟ್ಟ ಹುಳ.

ಬೆಳೆದದ್ದಕ್ಕೆ ವಾರಕ್ಕೆ ಒಂದು, ಹೆಚ್ಚೆಂದರೆ ಎರಡು. ಹತ್ತು ದಿನಕ್ಕೊಮ್ಮೆ ಆದರೂ ತೊಂದರೆ ಇಲ್ಲ. ಒಂದು ಹೊಟ್ಟೆ ಊಟದಲ್ಲಿ ತಿಂಗಳುಗಟ್ಟಲೆ ಸುಮ್ಮನೆ ಕೂರುವ ಪ್ರಾಣಿ ಅದು. ಇಲಿಮರಿ ಯಾಕೆ ಮಾರಾಯ್ರೇ? ಬೇಗ ದೊಡ್ಡ ಮಾಡಿ ಯಾವ ಸಂತೆಗೆ ಕೊಂಡೊಯ್ಯಲಿಕ್ಕೆ ಉಂಟು? ಪೊರೆ ಬಿಡಲಿಕ್ಕೆ ಅವಸರ ಮಾಡಿಸಿದರೆ ಚೇಳಿಗೆ ಲಾಭ ಇಲ್ಲ. ಮೇಲಿಂದ ಕೊಳೆತ ಮಾಂಸದ ವಾಸನೆ ಗೂಡು ತುಂಬಾ.

ಒಂದು ಬೇರೆ ವಿಷಯ. ಎಂಪರರ್ ಪಶ್ಚಿಮ ಆಫ್ರಿಕಾದ ಜಾತಿ, ವನ್ಯಜೀವಿಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟಿಸ್ ಎಂಬ ಅಂತರರಾಷ್ಟ್ರೀಯ ಒಪ್ಪಂದದ ಅನುಬಂಧ 2ರಲ್ಲಿ ಇದೆ. 2022ರ ತಿದ್ದುಪಡಿಯ ನಂತರ ನಮ್ಮ ವನ್ಯಜೀವಿ ಕಾಯ್ದೆಯಲ್ಲೂ ಇಂಥವಕ್ಕೆ ನೋಂದಣಿ ಬೇಕು, 2024ರ ನಿಯಮದ ಪ್ರಕಾರ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ. ನಿಮ್ಮ ತಮ್ಮನೋ ಅಣ್ಣನೋ ಮಾಡಿಸಿದ್ದಾರಾ ಕೇಳಿ. ಕೈ ಬದಲಾದದ್ದನ್ನೂ ತಿಳಿಸಬೇಕಾಗುತ್ತದೆ.

ಮಲ್ಪೆಯಿಂದ: ಡಾಕ್ಟ್ರೇ, ನಮ್ಮಲ್ಲಿ ಸಿಗಡಿಗೆ ಕಡಿಮೆ ಇಲ್ಲ. ಒಣ ಸಿಗಡಿ ಹಾಕಿದರೆ ತಿನ್ನುವುದಿಲ್ಲವಾ?

ಡಾಕ್ಟರ್: ಒಣ ಸಿಗಡಿ ಚಟ್ನಿಗೆ ಇರಲಿ. ಅದರಲ್ಲಿ ಉಪ್ಪು, ಮತ್ತೆ ಅದು ಅಲುಗಾಡುವುದೂ ಇಲ್ಲ. ಚೇಳಿಗೆ ಕಣ್ಣು ಇದ್ದರೂ ನೋಟ ಮಂದ. ಇಕ್ಕಳದ ಮೇಲಿನ ಸೂಕ್ಷ್ಮ ಕೂದಲಿಗೆ ಗಾಳಿ ತಾಗಬೇಕು, ಕಾಲಿಗೆ ನೆಲದ ನಡುಕ ತಿಳಿಯಬೇಕು, ಆಗಲೇ ಅದಕ್ಕೆ ಬೇಟೆ ಬಂತೆಂದು ಗೊತ್ತಾಗುವುದು. ರಾತ್ರಿ ಲೈಟ್ ಆರಿಸಿ, ಉದ್ದ ಚಿಮಟದಲ್ಲಿ ಕ್ರಿಕೆಟ್ ಬಿಟ್ಟು ನೋಡಿ. ಮೊದಲು ಕಲ್ಲಿನ ಹಾಗೆ ಕೂತಿರುತ್ತದೆ. ಎರಡೂ ಇಕ್ಕಳ ಮೆಲ್ಲ ಬಿಚ್ಚುತ್ತದೆ. ಹುಳ ಒಂದು ಹೆಜ್ಜೆ ಹತ್ತಿರ ಇಟ್ಟರೆ ಮುಗಿಯಿತು. ದೊಡ್ಡ ಎಂಪರರ್ ಕೊಂಡಿ ಬಳಸುವುದು ಕಡಿಮೆ, ಇಕ್ಕಳದಲ್ಲೇ ಜಜ್ಜುತ್ತದೆ. ಕೊಂಡಿಯ ಆಟ ಮರಿಗಳದ್ದು. ಆಮೇಲೆ ಬಾಯಿಯ ಬಳಿಯ ಪುಟ್ಟ ಕತ್ತರಿಗಳಲ್ಲಿ ಅಗಿದು, ರಸ ಬಿಟ್ಟು ಹೊರಗೇ ಕರಗಿಸಿ, ನೀರು ಮಾಡಿ ಹೀರುವುದು. ಗಂಟೆಗಟ್ಟಲೆ ನಡೆಯುತ್ತದೆ. ಬೆಳಿಗ್ಗೆ ನೋಡಿದರೆ ರೆಕ್ಕೆ, ಕಾಲು ಸೇರಿದ ಒಂದು ಒದ್ದೆ ಉಂಡೆ ಬಿದ್ದಿರುತ್ತದೆ. ಅದನ್ನು ತೆಗೆದು ಎಸೆಯಿರಿ. ನಮ್ಮ ಮಳೆಗಾಲದಲ್ಲಿ ಬಿಟ್ಟರೆ ಎರಡೇ ದಿನದಲ್ಲಿ ಬೂಸ್ಟು, ಹಿಂದೆಯೇ ನುಸಿ.

ಕದ್ರಿಯವರು: ಮೀಲ್‌ವರ್ಮ್ ಹಾಕಿದರೆ ಗೂಡಿಗೆ ಹಾಸಿದ ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಒಳಗೆ ಹೊಕ್ಕು ಮಾಯ ಆಗ್ತದೆ ಮೇಡಂ. ಕ್ರಿಕೆಟ್ ಆದರೆ ಗೂಡಿನಲ್ಲೇ ಬಿಟ್ಟುಬಿಡಬಹುದಾ, ಬೇಕಾದಾಗ ತಿನ್ನಲಿ ಅಂತ?

ಡಾಕ್ಟರ್: ಬಿಡಬಾರದು. ಇದನ್ನು ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ಒಂದು ರಾತ್ರಿ ಕಳೆದು ತಿನ್ನದಿದ್ದರೆ ಹುಳವನ್ನು ಹೊರಗೆ ತೆಗೆಯಿರಿ. ಪೊರೆ ಬಿಡುವ ಚೇಳು ಅಲುಗಾಡಲಾರದು, ಬಿಟ್ಟ ಮೇಲೂ ಕೆಲವು ದಿನ ಮೈ ಬೆಣ್ಣೆಯಂತೆ ಮೆತ್ತಗೆ. ಹಸಿದ ಕ್ರಿಕೆಟ್ ಅದನ್ನೇ ಕಡಿದು ತಿನ್ನುತ್ತದೆ. ಒಬ್ಬರು ನನ್ನಲ್ಲಿಗೆ ತಂದ ಮರಿಚೇಳಿಗೆ ಎಡಗಡೆ ಹಿಂಗಾಲು ಗಂಟಿನಿಂದ ಕೆಳಗೆ ಇರಲಿಲ್ಲ, ಪಕ್ಕದ ಕಾಲಿನಲ್ಲಿ ಅರ್ಧಚಂದ್ರದ ಹಾಗೆ ಕಚ್ಚಿದ ಗುರುತು. ಗೂಡಿನಲ್ಲಿ ನಾಲ್ಕು ಕ್ರಿಕೆಟ್ ಹೊಟ್ಟೆ ತುಂಬಿ ಕೂತಿದ್ದವಂತೆ. ಪೊರೆ ಬಿಟ್ಟ ಮೇಲೆ ಒಂದು ವಾರ ಊಟ ಹಾಕಲೇಬೇಡಿ, ಚಿಪ್ಪು ಕಪ್ಪಾಗಿ ಗಟ್ಟಿಯಾಗಲಿ.

ಮೀಲ್‌ವರ್ಮ್‌ನ ತಲೆಯನ್ನು ಚಿಮಟದಲ್ಲಿ ಒತ್ತಿ ಹಾಕಿ. ಹೂತುಕೊಳ್ಳಲಾರದು, ಆದರೆ ಮೈ ಹೊರಳುತ್ತಿರುತ್ತದೆ, ಚೇಳಿಗೆ ಅಷ್ಟು ಸಾಕು. ನೋಡಲಿಕ್ಕೆ ಆಗದಿದ್ದರೆ ಗೂಡಿನ ನೆಲದಲ್ಲಿ ನುಣುಪಾದ ತಟ್ಟೆ ಇಟ್ಟು ಅದರೊಳಗೆ ಬಿಡಿ.

ಕುಂದಾಪುರದಿಂದ: ಮೊದಲ ಮಳೆಗೆ ಟ್ಯೂಬ್‌ಲೈಟ್ ಸುತ್ತ ರೆಕ್ಕೆಗೆದ್ದಲು ಬರ್ತದಲ್ಲ, ಅದು? ಮತ್ತೆ ಚೇರಂಟೆ (ಸಹಸ್ರಪದಿ), ಮಿಂಚುಹುಳ?

ಡಾಕ್ಟರ್: ಗೆದ್ದಲು ಎಂಪರರ್‌ಗೆ ಊರಿನ ಊಟ. ಆಫ್ರಿಕಾದಲ್ಲಿ ಹುತ್ತದ ಒಳಗೇ ಬಿಲ ಮಾಡಿಕೊಂಡು ಗೆದ್ದಲು ತಿನ್ನುತ್ತದೆ. ಕಾಡಿನ ಹುತ್ತದ್ದಾದರೆ ಮರಿಗಳಿಗೆ ಚೆನ್ನ, ದೊಡ್ಡದಕ್ಕೆ ಹಲ್ಲಿಗೆ ಸಿಕ್ಕಿಕೊಳ್ಳಲಿಕ್ಕೂ ಸಾಲದು. ಆದರೆ ಮನೆಯ ಬುಡಕ್ಕೆ ಗೆದ್ದಲು ಮದ್ದು ಹಾಕಿಸಿದ್ದರೆ ಆ ಕಡೆ ನೋಡಬೇಡಿ.

ಚೇರಂಟೆ ಬೇಡ, ಅದು ಬಿಡುವ ಕಂದು ರಸ ವಿಷ. ಮಿಂಚುಹುಳವೂ ವಿಷವೇ. ಕಂಬಳಿಹುಳ, ವಾಸನೆ ತಿಗಣೆಯನ್ನೂ ಬೇಡದ ಪಟ್ಟಿಗೇ ಸೇರಿಸಿಕೊಳ್ಳಿ. ಜರಿಯನ್ನಂತೂ ಹಾಕಲೇಬೇಡಿ, ಅಲ್ಲಿ ಯಾರು ಯಾರಿಗೆ ಊಟ ಆಗ್ತಾರೆ ಎಂದು ಹೇಳಲಿಕ್ಕಾಗದು.

ಮಣಿಪಾಲದಿಂದ: ಕ್ಯಾಲ್ಸಿಯಂ ಪುಡಿ ಹಚ್ಚಿ ಕೊಡಬೇಕಾ? ನಾನು ಹಲ್ಲಿ ಸಾಕುವವರ ವಿಡಿಯೋದಲ್ಲಿ ನೋಡಿದ್ದೆ.

ಡಾಕ್ಟರ್: ಹಲ್ಲಿಗೆ ಎಲುಬು ಉಂಟು, ಚೇಳಿಗೆ ಇಲ್ಲ. ಅದರ ಚಿಪ್ಪು ಕೈಟಿನ್ ಎಂಬ ಗಟ್ಟಿ ವಸ್ತು ಮತ್ತು ಪ್ರೋಟೀನಿನದ್ದು. ಪುಡಿಯ ದುಡ್ಡು ಉಳಿಸಿ, ಹುಳಕ್ಕೆ ಚೆನ್ನಾಗಿ ತಿನ್ನಿಸಿ. ಕೊಡುವ ಮುನ್ನ ಒಂದೆರಡು ದಿನ ಗೋಧಿ ಬೂಸ, ಕ್ಯಾರೆಟ್, ಚೆನ್ನಾಗಿ ತೊಳೆದ ಹರಿವೆ ಸೊಪ್ಪು ಹಾಕಿ. ಹುಳದ ಹೊಟ್ಟೆಯಲ್ಲಿ ಇದ್ದದ್ದೇ ಚೇಳಿಗೆ ಹೋಗುವುದು. ಹುಳದ ಡಬ್ಬಕ್ಕೆ ನೀರಿನ ಬಟ್ಟಲು ಬೇಡ, ಕ್ರಿಕೆಟ್ ಮುಳುಗಿ ಸಾಯುತ್ತದೆ, ಕ್ಯಾರೆಟ್ ತುಂಡೇ ಸಾಕು. ಚೇಳಿಗೆ ಮಾತ್ರ ತಗ್ಗಾದ ತಟ್ಟೆಯಲ್ಲಿ ನೀರು ಯಾವಾಗಲೂ ಇರಲಿ.

ಕದ್ರಿಯವರು: ಈಗ ಮೂರು ವಾರ ಆಯ್ತು, ಎಂಥ ಹಾಕಿದರೂ ಮುಟ್ಟುತ್ತಿಲ್ಲ. ಹೆದರಿಕೆ ಆಗ್ತಾ ಉಂಟು.

ಡಾಕ್ಟರ್: ಪಕ್ಕದಿಂದ ನೋಡಿ. ಬೆನ್ನಿನ ಫಲಕಗಳ ಮತ್ತು ಹೊಟ್ಟೆಯ ಫಲಕಗಳ ನಡುವೆ ಬಿಳಿಚಿದ ಚರ್ಮ ಅಗಲವಾಗಿ ಕಾಣುತ್ತಿದ್ದರೆ ಅದಕ್ಕೆ ಹಸಿವೇ ಇಲ್ಲ, ನೀವು ತಿನ್ನಿಸಿದ್ದು ಹೆಚ್ಚಾಗಿದೆ. ಹೆಣ್ಣಾದರೆ ಬಸುರೂ ಇರಬಹುದು, ಎಂಪರರ್ ತಿಂಗಳುಗಟ್ಟಲೆ ಹೊತ್ತು ಜೀವಂತ ಮರಿ ಹಾಕುತ್ತದೆ. ಪೂರ್ತಿ ಬೆಳೆದಿಲ್ಲದಿದ್ದರೆ ಪೊರೆಗೆ ತಯಾರಿ. ಯಾವುದೇ ಆದರೂ ಹುಳ ಹಾಕುವುದು ನಿಲ್ಲಿಸಿ, ನೀರು ಇಡಿ, ಹತ್ತು ದಿನ ಬಿಟ್ಟು ಒಂದು ಹಾಕಿ ನೋಡಿ. ಹೊಟ್ಟೆ ಒಳಗೆ ಹೋಗಿ ಮೈ ಸುಕ್ಕಿದ್ದರೆ ಮಾತ್ರ ನನ್ನಲ್ಲಿಗೆ ತನ್ನಿ.

ಶಿರ್ವದಿಂದ: ನಮ್ಮ ಮುರಕಲ್ಲಿನ ಕಟ್ಟೆಯಲ್ಲಿ ಕೆಂಪು ಚೇಳು ಸಿಕ್ಕಿದೆ. ಮಗ ಬಾಟ್ಲಿಯಲ್ಲಿ ಇಟ್ಟಿದ್ದಾನೆ, ಸಾಕುತ್ತೇನೆ ಅಂತಾನೆ. ಅದಕ್ಕೂ ಇದೇ ಊಟವಾ?

ಡಾಕ್ಟರ್: ಅದಕ್ಕೆ ಊಟ ಹುಡುಕಬೇಡಿ ಅಣ್ಣ, ಈಗಲೇ ಬಾಟ್ಲಿ ಮಗನ ಕೈಯಿಂದ ತೆಗೆದುಕೊಳ್ಳಿ. ಇಕ್ಕಳ ಸಪೂರ, ಬಾಲ ದಪ್ಪ ಇದ್ದರೆ ಇನ್ನೂ ಜಾಗ್ರತೆ. ಕೊಂಕಣದಲ್ಲಿ ಎಷ್ಟೋ ಮಕ್ಕಳ ಜೀವ ತೆಗೆದ ಚೇಳು ಅಂಥದ್ದೇ. ಮಹಾರಾಷ್ಟ್ರದ ಮಹಾಡಿನ ಡಾ. ಹಿಮ್ಮತರಾವ್ ಬಾವಸ್ಕರ್ ಪ್ರಾಜೋಸಿನ್ ಮಾತ್ರೆಯ ಚಿಕಿತ್ಸೆ ತೋರಿಸಿಕೊಟ್ಟ ಮೇಲೆ ಸಾವು ಬಹಳ ತಗ್ಗಿತು, ಆದರೆ ಅದು ಬೇಗ ಆಸ್ಪತ್ರೆ ಮುಟ್ಟಿದವರಿಗೆ. ಬಾಟ್ಲಿಯ ಮುಚ್ಚಳ ತೆಗೆಯದೆ ಮನೆಯಿಂದ ದೂರದ ಕಲ್ಲುರಾಶಿಗೆ ಕೊಂಡುಹೋಗಿ, ಅಲ್ಲಿ ನೆಲದಲ್ಲಿಟ್ಟು ಮುಚ್ಚಳ ತೆಗೆದು, ಕೋಲಿನಿಂದ ಮಗುಚಿ ಬಿಡಿ.

ಕದ್ರಿಯವರು: ಕೊನೆಯದಾಗಿ, ಸ್ಟಾಕ್ ಎಷ್ಟು ತರಿಸಲಿ? ಆನ್‌ಲೈನಲ್ಲಿ ಐನೂರರ ಪ್ಯಾಕೆಟ್ ಕಾಣ್ತದೆ.

ಡಾಕ್ಟರ್: ತಿಂಗಳಿಗೆ ಐದಾರು ಹುಳ ತಿನ್ನುವ ಪ್ರಾಣಿಗೆ ಐನೂರಾ? ನಮ್ಮ ಸೆಕೆಗೆ ಮೀಲ್‌ವರ್ಮ್ ಬೇಗ ದುಂಬಿ ಆಗಿಬಿಡುತ್ತದೆ. ಫ್ರಿಜ್ಜಿನಲ್ಲಿಟ್ಟರೆ ನಿಧಾನ, ಆದರೆ ಬಂಗುಡೆಯ ಪಕ್ಕ ಹುಳದ ಡಬ್ಬ ಇಡಲಿಕ್ಕೆ ಮನೆಯವರು ಒಪ್ಪಬೇಕಲ್ಲ. ಸೂಪರ್‌ವರ್ಮ್ ಆದರೆ ಹೊರಗೇ ಇಡಿ, ಫ್ರಿಜ್ಜಿಗೆ ಹಾಕಿದರೆ ಸಾಯುತ್ತದೆ. ಗುಂಪಿನಲ್ಲಿದ್ದಷ್ಟು ದಿನ ಅದು ಕೋಶ ಕಟ್ಟುವುದಿಲ್ಲ, ಹುಳವಾಗಿಯೇ ಇರುತ್ತದೆ, ನಿಮಗೆ ಅದೇ ಅನುಕೂಲ. ಐವತ್ತು ಸೂಪರ್‌ವರ್ಮ್ ತರಿಸಿ, ಬೂಸದಲ್ಲಿಟ್ಟು ಜಾಲರಿ ಮುಚ್ಚಳ ಹಾಕಿ. ಮಳೆಗಾಲದಲ್ಲಿ ಬೂಸ ಒದ್ದೆಯಾಗಿ ಗಂಟು ಕಟ್ಟಿದ್ದು ಕಂಡರೆ ಆ ದಿನವೇ ಬದಲಾಯಿಸಿ. ಇಲ್ಲಿ ಹಕ್ಕಿ, ಮೀನು ಸಾಕುವವರೂ ಇದ್ದಾರೆ, ಹೆಚ್ಚಾದದ್ದನ್ನು ಹಂಚಿಕೊಳ್ಳಿ.